ಭಾವನ ಮೈ ತಣ್ಣಗಾಗಿತ್ತು, ಮತ್ತೆ ಬಿಸಿಯಾಯಿತು. ಬ್ರೈನ್ ಡೆಡ್ ಆದವರಿಗೆ ಹೀಗಾಗುತ್ತಾ?

ದಾವಣಗೆರೆ ಮೇಷ್ಟ್ರು

ನಮಸ್ಕಾರ. ಇದನ್ನು ಯಾರ ಹತ್ತಿರ ಕೇಳಬೇಕೋ ಗೊತ್ತಾಗದೆ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಏಪ್ರಿಲ್‌ನಲ್ಲಿ ನಮ್ಮ ಭಾವ ಬೈಕಿನಿಂದ ಬಿದ್ದರು. ವಯಸ್ಸು 46. ಹೆಲ್ಮೆಟ್ ಇತ್ತು, ಆದರೆ ಹ್ಯಾಂಡಲ್ಲಿಗೆ ನೇತು ಹಾಕಿದ್ದರು. ಮಂಗಳವಾರ ರಾತ್ರಿಯೇ ತಲೆಯ ಆಪರೇಷನ್ ಆಯಿತು. ಬುಧವಾರ ಐಸಿಯು ಒಳಗೆ ಬಿಟ್ಟಾಗ ಮೈ ಕೆಂಡದ ಹಾಗಿತ್ತು. ಮಾನಿಟರಿನಲ್ಲಿ 39.4 ಅಂತ ಇತ್ತು. ನಮಗೆ ಜ್ವರ ಅಂದರೆ 101, 102 ಅಷ್ಟೇ ಗೊತ್ತು. ಮೊಬೈಲಿನಲ್ಲಿ ಲೆಕ್ಕ ಹಾಕಿದೆ, ಹತ್ತಿರ ಹತ್ತಿರ 103.

ಗುರುವಾರ ಬೆಳಿಗ್ಗೆ ಹೋದರೆ ಪೂರಾ ಉಲ್ಟಾ. 34.1. ಕೈ ಹಿಡಿದರೆ ನೀರು ತುಂಬಿದ ಮಣ್ಣಿನ ಗಡಿಗೆ ಮುಟ್ಟಿದ ಹಾಗೆ. ಮೂತ್ರದ ಚೀಲ ಮಾತ್ರ ಮೇಲಿಂದ ಮೇಲೆ ತುಂಬುತ್ತಿತ್ತು. ನಾನು ದಡ್ಡ, "ಅಕ್ಕಾ, ಕಿಡ್ನಿ ಚೆನ್ನಾಗಿ ಕೆಲಸ ಮಾಡ್ತಿದೆ" ಅಂತ ಸಮಾಧಾನ ಹೇಳಿದೆ. ಆಮೇಲೆ ಒಂದು ತೆಳು ಹೊದಿಕೆ ತಂದು ಹೊದಿಸಿದರು. ಅದಕ್ಕೆ ಪೈಪು ಸಿಕ್ಕಿಸಿ ಬಿಸಿ ಗಾಳಿ ಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಮೈ ಬೆಚ್ಚಗಾಯಿತು. ಅಕ್ಕ ಅವರ ಕಾಲು ಹಿಡಿದುಕೊಂಡು ಕೂತಿದ್ದಳು. "ನೋಡೋ, ಬಿಸಿ ಬಂತು" ಅಂದಳು.

ಅವತ್ತೇ ಮಧ್ಯಾಹ್ನ ಒಂದು ಸಲ, ರಾತ್ರಿ ಒಂದು ಸಲ ಟೆಸ್ಟ್ ಮಾಡಿದರು. ಬ್ರೈನ್ ಡೆಡ್ ಅಂದರು. ಶುಕ್ರವಾರ ಅಂಗದಾನಕ್ಕೆ ಒಪ್ಪಿದೆವು. ಎರಡು ಕಿಡ್ನಿ, ಲಿವರ್, ಕಣ್ಣು. ಅಕ್ಕನಿಗೆ ಹೇಳಿ ಸಹಿ ಹಾಕಿಸಿದ್ದು ನಾನೇ.

ಈಗ ಮೂರು ತಿಂಗಳಾಯಿತು. ಹೋದ ವಾರ ಅಕ್ಕ ಇದ್ದಕ್ಕಿದ್ದ ಹಾಗೆ ಹೇಳಿದಳು: "ಸತ್ತವರ ಮೈ ತಣ್ಣಗಾಗುತ್ತೆ. ಅವರದ್ದು ತಣ್ಣಗಾಗಿದ್ದು ಮತ್ತೆ ಬಿಸಿ ಆಯ್ತು. ಅವರು ವಾಪಸ್ ಬರ್ತಿದ್ರು. ನೀನು ಸಹಿ ಹಾಕಿಸಿಬಿಟ್ಟೆ."

ನನ್ನ ಹತ್ತಿರ ಉತ್ತರ ಇಲ್ಲ. ಆಸ್ಪತ್ರೆಯಲ್ಲಿ ಯಾರೂ ಬಿಡಿಸಿ ಹೇಳಲಿಲ್ಲ. ಆ ಬಿಸಿ ಎಲ್ಲಿಂದ ಬಂತು? ಯಾಕೆ ಬಿಸಿ ಮಾಡಿದರು? ಯಾರಾದರೂ ತಿಳಿದವರು ಹೇಳಿ.

ತೀರ್ಥಹಳ್ಳಿ ಸಿಸ್ಟರ್

ಸರ್, ನಾನು ಐಸಿಯು ನರ್ಸ್. ಬೆಂಗಳೂರಿನಲ್ಲಿ ಹನ್ನೊಂದು ವರ್ಷ, ಅದಕ್ಕೂ ಮುಂಚೆ ಕಲಬುರಗಿಯಲ್ಲಿ ಮೂರು ವರ್ಷ. ನೈಟ್ ಡ್ಯೂಟಿ ಮುಗಿಸಿ ಬಂದು ನಿಮ್ಮ ಪ್ರಶ್ನೆ ಓದಿದೆ. ನಿದ್ದೆ ಬರಲಿಲ್ಲ, ಅದಕ್ಕೆ ಈಗಲೇ ಬರೆಯುತ್ತಿದ್ದೇನೆ.

ನಮ್ಮ ಕಡೆ ಬಚ್ಚಲಿನಲ್ಲಿ ದೊಡ್ಡ ಹಂಡೆ ಇರುತ್ತೆ, ಕೆಳಗೆ ಒಲೆ. ನನ್ನ ಅಜ್ಜಿ ಬೆಳಗಿನ ಜಾವದಿಂದ ಅದರ ಮುಂದೆಯೇ. ನೀರು ಜಾಸ್ತಿ ಕಾದರೆ ಕೊಳ್ಳಿ ಹಿಂದಕ್ಕೆ ಎಳೆಯುವುದು, ಆರಿದರೆ ಮುಂದಕ್ಕೆ ನೂಕುವುದು. ನಮ್ಮ ಮಿದುಳಿನ ಒಳಗೆ ಹೈಪೋಥಲಾಮಸ್ ಅಂತ ಒಂದು ಸಣ್ಣ ಭಾಗ ಇದೆ. ಬಾದಾಮಿ ಗಾತ್ರದ್ದು. ಅದು ಈ ಅಜ್ಜಿಯ ಕೆಲಸ ಮಾಡುತ್ತೆ. ಮೈಯನ್ನು 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹಿಡಿದಿಡುತ್ತೆ. ಚಳಿಯಾದರೆ ಚರ್ಮದ ರಕ್ತನಾಳ ಬಿಗಿ ಮಾಡುತ್ತೆ, ನಡುಗಿಸುತ್ತೆ. ಸೆಕೆಯಾದರೆ ಬೆವರಿಸುತ್ತೆ.

ತಲೆಗೆ ಜೋರಾಗಿ ಪೆಟ್ಟು ಬಿದ್ದಾಗ ಮೊದಲು ಈ ಅಜ್ಜಿಗೇ ತಲೆ ಕೆಡುತ್ತೆ. ಕೊಳ್ಳಿ ಸುಮ್ನೆ ಮುಂದಕ್ಕೆ ನೂಕುತ್ತಾಳೆ. ಬುಧವಾರದ 39.4 ಅದೇ ಇರಬಹುದು. ಸೋಂಕಿನಿಂದಲೂ ಜ್ವರ ಬರುತ್ತೆ, ಅದಕ್ಕೆ ಕಲ್ಚರ್‌ಗೂ (ರೋಗಾಣು ಇದೆಯಾ ಅಂತ ನೋಡುವ ಟೆಸ್ಟ್) ಕಳಿಸುತ್ತೇವೆ.

ಆಮೇಲೆ ಬುರುಡೆಯ ಒಳಗೆ ಒತ್ತಡ ಏರಿ ಏರಿ ಮಿದುಳಿಗೆ ರಕ್ತ ಹೋಗುವುದು ನಿಲ್ಲುತ್ತೆ. ಆ ಹೊತ್ತಿನಲ್ಲಿ ಬಿಪಿ ಒಂದು ಸಲ ಹುಚ್ಚು ಹಿಡಿದ ಹಾಗೆ ಮೇಲೆ ಹೋಗಿ ಧೊಪ್ಪನೆ ಬೀಳುತ್ತೆ. ನಿಮ್ಮ ಭಾವನಿಗೆ ಗುರುವಾರ ಬೆಳಗಿನ ಜಾವ ಹೀಗೇ ಆಗಿರಬೇಕು. ಅಲ್ಲಿಗೆ ಅಜ್ಜಿ ಎದ್ದು ಹೋದಳು. ಒಲೆಯಲ್ಲಿ ಕೆಂಡ ಇದೆ, ಕೊಳ್ಳಿ ನೂಕುವವರಿಲ್ಲ. ನೀರು ನಿಧಾನಕ್ಕೆ ಬಚ್ಚಲಿನ ತಣ್ಣಗಿಗೆ ಇಳಿಯುತ್ತೆ.

ಕೆಂಡ ಅಂದೆನಲ್ಲ, ಅದನ್ನು ಬಿಡಿಸಿ ಹೇಳಬೇಕು. ಅಕ್ಕನ ಪ್ರಶ್ನೆ ಇರುವುದೇ ಅಲ್ಲಿ. ಹೃದಯಕ್ಕೆ ತನ್ನದೇ ಬಡಿತ ಇದೆ, ಮಿದುಳು ಹೇಳಬೇಕಾಗಿಲ್ಲ. ವೆಂಟಿಲೇಟರ್ ಆಮ್ಲಜನಕ ಕೊಡುವ ತನಕ ಅದು ಬಡಿಯುತ್ತೆ. ರಕ್ತ ಓಡುತ್ತೆ, ಲಿವರ್ ಕೆಲಸ ಮಾಡುತ್ತೆ, ಒಂದೊಂದು ಜೀವಕೋಶವೂ ಸಕ್ಕರೆ ಉರಿಸುತ್ತೆ. ಅದರಿಂದ ಶಾಖ ಬರುತ್ತೆ, ಆದರೆ ಮೊದಲಿನಷ್ಟಲ್ಲ. ಮಿದುಳು ತೂಕದಲ್ಲಿ ಮೈಯ ನೂರಕ್ಕೆ ಎರಡು ಪಾಲು, ಆದರೆ ಶಕ್ತಿಯಲ್ಲಿ ಹತ್ತಿರ ಹತ್ತಿರ ಇಪ್ಪತ್ತು ಪಾಲು ಅದೊಂದೇ ಉರಿಸುತ್ತೆ. ಆ ಒಲೆ ಆರಿರುತ್ತೆ. ಸ್ನಾಯು ಅಲ್ಲಾಡುವುದಿಲ್ಲ, ನಡುಕ ಇಲ್ಲ. ಮೇಲಿಂದ ಚರ್ಮದ ರಕ್ತನಾಳ ಎಲ್ಲ ಸಡಿಲ ಬಿದ್ದು ಇರುವ ಶಾಖವೂ ಹೊರಗೆ ಹೋಗುತ್ತೆ. ಐಸಿಯು ಎಸಿ ಅಂತೂ ಯಾವಾಗಲೂ ತಣ್ಣಗೆ.

ಮೂತ್ರದ ಚೀಲದ ವಿಷಯ. ನಿಮ್ಮನ್ನು ನೀವು ದಡ್ಡ ಅಂದುಕೊಳ್ಳಬೇಡಿ, ನೂರು ಜನರಲ್ಲಿ ತೊಂಬತ್ತು ಜನ ಹಾಗೇ ತಿಳಿಯುತ್ತಾರೆ. ಮೂತ್ರವನ್ನು ಹಿಡಿತದಲ್ಲಿಡುವ ಹಾರ್ಮೋನ್ ಕೂಡ ಆ ಹೈಪೋಥಲಾಮಸ್ಸಿನಿಂದಲೇ ಬರುವುದು. ಅದು ನಿಂತರೆ ನೀರಿನ ಹಾಗೆ ಮೂತ್ರ ಹೋಗುತ್ತೆ. ನಾವು ಅದಕ್ಕೆ ಔಷಧಿ ಹಾಕುತ್ತೇವೆ, ಹೋದಷ್ಟು ಡ್ರಿಪ್ ತುಂಬಿಸುತ್ತೇವೆ. ಕೋಣೆಯ ತಣ್ಣಗಿರುವ ಡ್ರಿಪ್ ಒಂದು ಲೀಟರ್ ಹೋದರೆ ದೊಡ್ಡವರ ಮೈ ಸುಮಾರು ಕಾಲು ಡಿಗ್ರಿ ಇಳಿಯುತ್ತೆ. ನಾಲ್ಕು ಲೀಟರ್ ಹಾಕಿದರೆ ನೀವೇ ಲೆಕ್ಕ ಮಾಡಿ.

ಕಲಬುರಗಿಯಲ್ಲಿ ಒಂದು ಮೇ ತಿಂಗಳು ಇದೇ ಉಲ್ಟಾ ನೋಡಿದೆ. ಎಸಿ ಕೆಟ್ಟು ನಾಲ್ಕು ಗಂಟೆ ರಿಪೇರಿ. ನಮ್ಮೆಲ್ಲರಿಗೂ ಬೆವರು, ಬ್ರೈನ್ ಡೆಡ್ ಆಗಿದ್ದ ಹುಡುಗನಿಗೆ ಮಾತ್ರ ಒಂದು ಹನಿ ಇಲ್ಲ. ಅವನ ಟೆಂಪರೇಚರ್ ಮಾತ್ರ ಕೋಣೆಯ ಜೊತೆ ಮೇಲೆ ಹೋಗುತ್ತಿತ್ತು. ಎಸಿ ಬಂತು, ಇಳಿಯಿತು. ಅವತ್ತು ನನಗೆ ಪುಸ್ತಕದ ಮಾತು ಅರ್ಥ ಆಯಿತು.

ಆ ಬಿಸಿ ಗಾಳಿಯ ಹೊದಿಕೆಗೆ ನಾವು ಬೇರ್ ಹಗ್ಗರ್ ಅನ್ನುತ್ತೇವೆ. ಅದು ಒಂದು ಬ್ರ್ಯಾಂಡಿನ ಹೆಸರು, ಎಲ್ಲದಕ್ಕೂ ಹಾಗೇ ಕರೆದು ಅಭ್ಯಾಸ. ಅದನ್ನು ಯಾಕೆ ಹಾಕಿದರು ಅಂದರೆ, 34.1ರಲ್ಲಿ ನಿಮ್ಮ ಭಾವನನ್ನು ಟೆಸ್ಟ್ ಮಾಡುವುದು ತಪ್ಪು. ಮೈ ತಣ್ಣಗಿದ್ದರೆ ಆ ತಣ್ಣಗಿಗೇ ಮಿದುಳು ಮಂಕಾಗಿ, ಬದುಕಿರುವವರೂ ಸತ್ತವರ ಹಾಗೆ ಕಾಣಬಹುದು. ಮೊದಲು ಬಿಸಿ ಮಾಡಿ, ತಣ್ಣಗಿನಿಂದ ಹೀಗಾಗಿಲ್ಲ ಅಂತ ಖಾತ್ರಿ ಮಾಡಿಕೊಂಡು, ಆಮೇಲೆ ನೋಡಬೇಕು. ಕನಿಷ್ಠ 36. ಬಿಸಿ ಮಾಡಿದ್ದು ಅವರಿಗೆ ಸಿಕ್ಕ ಕೊನೆಯ ಅವಕಾಶ ಸರ್. ಬೆಚ್ಚಗಾದ ಮೇಲೆ ಕಣ್ಣಿನ ಪಾಪೆ ಬೆಳಕಿಗೆ ಕುಗ್ಗಿದ್ದರೆ, ಒಂದು ಕೆಮ್ಮು ಬಂದಿದ್ದರೆ, ಅಲ್ಲಿಗೇ ಟೆಸ್ಟ್ ನಿಲ್ಲುತ್ತಿತ್ತು.

ಇದನ್ನು ಅವತ್ತೇ ಯಾರಾದರೂ ಎರಡು ನಿಮಿಷ ಹೇಳಬೇಕಿತ್ತು. ನಮ್ಮವರ ತಪ್ಪು ಅದು, ಒಪ್ಪುತ್ತೇನೆ.

ಕೇಳೋದು ನನ್ನ ಹಕ್ಕು

ಸಿಸ್ಟರ್ ಚೆನ್ನಾಗಿ ಬರೆದಿದ್ದಾರೆ. ಆದರೂ ಒಂದು ಮಾತು. ಅಂಗಗಳು ಕೆಡಬಾರದು ಅಂತಲೇ ಬಿಸಿ ಇಡುವುದು ಅಂತ ಕೇಳಿದ್ದೇನೆ. ಇತ್ತ ಬಿಲ್ಲೂ ಏರುತ್ತೆ. ಎರಡೂ ಕಡೆ ಲಾಭ. ಕುಟುಂಬದವರಿಗೆ ಸಂಶಯ ಬಂದರೆ ಏನು ತಪ್ಪು?

ಮಂಗಳೂರು ಹುಡುಗಿ

ನನ್ನದು ಬೇರೆ ಅನುಭವ. ಎರಡು ವರ್ಷದ ಹಿಂದೆ ಅಮ್ಮನಿಗೆ ಮಿದುಳಿನಲ್ಲಿ ರಕ್ತನಾಳ ಒಡೆದು ಬ್ರೈನ್ ಡೆಡ್ ಆಯಿತು. ಅಮ್ಮನ ಮೈ ತಣ್ಣಗೆ ಆಗಲೇ ಇಲ್ಲ. ಒಂದು ಬೆಡ್‌ಶೀಟ್ ಬಿಟ್ಟರೆ ಏನೂ ಹೊದಿಸಿರಲಿಲ್ಲ. ಮೂತ್ರವೂ ಜಾಸ್ತಿ ಹೋಗಲಿಲ್ಲ. ಸಿಸ್ಟರ್ ಹೇಳುವ ಪ್ರಕಾರ ಅಜ್ಜಿ ಎದ್ದು ಹೋದ ಮೇಲೆ ತಣ್ಣಗಾಗಬೇಕಿತ್ತು ಅಲ್ವಾ? ಇದನ್ನು ಓದಿದ ಮೇಲೆ ನನಗೇ ಈಗ ಹೊಸ ಹೆದರಿಕೆ.

ಅರಿವಳಿಕೆ ಡಾಕ್ಟ್ರು, ಮೈಸೂರು

ಮೊದಲು ಮಂಗಳೂರಿನವರಿಗೆ. ಹೆದರಬೇಡಿ. ಸಿಸ್ಟರ್ ಹೇಳಿದ್ದು ಬಹಳ ಜನರಿಗೆ ಸರಿ, ಎಲ್ಲರಿಗೂ ಅಲ್ಲ. ಕೆಲವರಲ್ಲಿ ಹೈಪೋಥಲಾಮಸ್ಸಿಗೆ ಅಷ್ಟೋ ಇಷ್ಟೋ ರಕ್ತ ಹೋಗುತ್ತಿರುತ್ತದೆ. ಅಂಥವರಲ್ಲಿ ಶಾಖ ಹೆಚ್ಚು ಇಳಿಯುವುದಿಲ್ಲ, ಮೂತ್ರವೂ ಹತೋಟಿಯಲ್ಲಿರುತ್ತದೆ. ಇದರ ಮೇಲೆ ಅಮೆರಿಕದಲ್ಲಿ ದೊಡ್ಡ ಜಗಳವೇ ನಡೆಯಿತು. ಅಲ್ಲಿನ ಕಾನೂನು "ಇಡೀ ಮಿದುಳು" ಅನ್ನುತ್ತದೆ. ಹಾಗಾದರೆ ಹೈಪೋಥಲಾಮಸ್ ಲೆಕ್ಕಕ್ಕಿಲ್ಲವೇ ಅಂತ. ಅಲ್ಲಿನ ತಜ್ಞರ ಸಂಘಗಳು 2023ರ ಮಾರ್ಗಸೂಚಿಯಲ್ಲಿ ಹಾರ್ಮೋನ್ ಕೆಲಸ ಉಳಿದಿದ್ದರೂ ಬ್ರೈನ್ ಡೆಡ್ ಅಂತ ಘೋಷಣೆ ಮಾಡಬಹುದು ಎಂದವು. ನಮ್ಮಲ್ಲಿ ಆ ತಕರಾರು ಹುಟ್ಟುವುದಿಲ್ಲ. 1994ರ ನಮ್ಮ ಅಂಗಾಂಗ ಕಸಿ ಕಾಯ್ದೆ ಹೇಳುವುದು ಮಿದುಳು ಕಾಂಡದ, ಅಂದರೆ ಮಿದುಳನ್ನು ಬೆನ್ನುಹುರಿಗೆ ಸೇರಿಸುವ ಬುಡದ ಭಾಗದ, ಸಾವು. ಎಚ್ಚರ ಮತ್ತು ಉಸಿರು, ಎರಡಕ್ಕೂ ಕಾಂಡವೇ ಆಧಾರ. ಹೈಪೋಥಲಾಮಸ್ ಕಾಂಡದ ಮೇಲೆ ಕೂತಿದೆ, ಕಾಂಡದೊಳಗೆ ಅಲ್ಲ. ನಿಮ್ಮ ಅಮ್ಮನ ಮೈ ಬೆಚ್ಚಗಿದ್ದದ್ದು ನಿಜ. ಅವರ ಕಾಂಡ ಸತ್ತಿತ್ತು ಅನ್ನುವುದೂ ನಿಜ. ಒಂದು ಇನ್ನೊಂದನ್ನು ಸುಳ್ಳು ಮಾಡುವುದಿಲ್ಲ.

ಇದು ಹೊಸ ವಿಚಾರವೂ ಅಲ್ಲ. 1959ರಲ್ಲಿ ಫ್ರಾನ್ಸಿನ ಮೊಲ್ಲಾರೆ ಮತ್ತು ಗುಲೋನ್ ಇಂಥ 23 ರೋಗಿಗಳ ಬಗ್ಗೆ ಮೊದಲು ಬರೆದಾಗಲೇ ಮೈಯ ಶಾಖ ಹತೋಟಿ ತಪ್ಪುವುದನ್ನು ಗುರುತಿಸಿದ್ದರು. 1968ರಲ್ಲಿ ಹಾರ್ವರ್ಡ್ ಸಮಿತಿ ಶಾಖ 32.2 ಡಿಗ್ರಿಗಿಂತ ಕೆಳಗಿದ್ದರೆ ಟೆಸ್ಟ್ ಲೆಕ್ಕಕ್ಕಿಲ್ಲ ಅಂದಿತು. ಈಗ ಆ ಗೆರೆ 36ಕ್ಕೆ ಏರಿದೆ. ಶಾಖದ ಮಟ್ಟಿಗೆ ನಿಯಮ ಬಿಗಿಯಾಗಿದೆ, ಸಡಿಲ ಆಗಿಲ್ಲ.

ತಣ್ಣಗಿನ ಬಗ್ಗೆ ನಾವು ಯಾಕೆ ಇಷ್ಟು ಹೆದರುತ್ತೇವೆ ಎನ್ನುವುದಕ್ಕೆ ಒಂದು ಕತೆ. 1999ರಲ್ಲಿ ನಾರ್ವೆಯಲ್ಲಿ ಆನ್ನಾ ಬೋಗೆನ್‌ಹೋಮ್ ಎಂಬ ಡಾಕ್ಟರ್ ಸ್ಕೀ ಮಾಡುವಾಗ ಹೊಳೆಯ ಹಿಮದಡಿ ಸಿಕ್ಕಿಕೊಂಡರು. ಹೃದಯ ನಿಂತಿತ್ತು. ಮೈ 13.7 ಡಿಗ್ರಿ. ನೋಡಿದರೆ ಸತ್ತವರೇ. ಟ್ರೋಮ್ಸೋ ಆಸ್ಪತ್ರೆಯಲ್ಲಿ ಯಂತ್ರದಿಂದ ರಕ್ತ ಬಿಸಿ ಮಾಡಿದರು. ಬದುಕಿದರು, ಮತ್ತೆ ಡಾಕ್ಟರ್ ಕೆಲಸಕ್ಕೂ ಬಂದರು. ಅವರ ಮಿದುಳನ್ನು ಕಾಪಾಡಿದ್ದು ಆ ತಣ್ಣಗೇ. ಮೇಷ್ಟ್ರೇ, ನಿಮ್ಮ ಭಾವನದ್ದು ಇದಕ್ಕೆ ತದ್ವಿರುದ್ಧ. ಅವರಿಗೆ ತಣ್ಣಗಾಗಿ ಮಿದುಳು ನಿಂತದ್ದಲ್ಲ, ಮಿದುಳು ನಿಂತು ತಣ್ಣಗಾದದ್ದು. ಹೊರಗಿನಿಂದ ಎರಡೂ ಒಂದೇ ಥರ ಕಾಣಬಹುದು. ಬೇರೆ ಮಾಡುವ ದಾರಿ ಬಿಸಿ ಮಾಡಿ ನೋಡುವುದೇ.

ಇನ್ನೂ ಒಂದಿದೆ. ಕೊನೆಯ ಟೆಸ್ಟಿನಲ್ಲಿ ವೆಂಟಿಲೇಟರಿನ ಉಸಿರು ನಿಲ್ಲಿಸಿ, ಆಮ್ಲಜನಕ ಮಾತ್ರ ಬಿಟ್ಟು, ತಾವಾಗಿ ಉಸಿರೆಳೆಯುತ್ತಾರಾ ಅಂತ ಎದೆ ನೋಡುತ್ತಾ ನಿಲ್ಲುತ್ತೇವೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಒತ್ತಡ 60 ಮಿ.ಮೀ. ಪಾದರಸಕ್ಕೆ ಏರಬೇಕು, ಆಗ ಉಸಿರಿನ ಒತ್ತಾಯ ಜೋರಾಗಿರುತ್ತದೆ. ತಣ್ಣಗಿನ ಮೈಯಲ್ಲಿ ಉರಿಯುವುದೇ ಕಡಿಮೆ, ಅದು ಏರುವುದೂ ನಿಧಾನ. ಬೆಚ್ಚಗಿದ್ದರೆ ಮಾತ್ರ ಈ ಪರೀಕ್ಷೆಗೆ ಬೆಲೆ.

ಹಕ್ಕಿನ ಪ್ರಶ್ನೆ ಕೇಳಿದವರಿಗೆ: ಕೇಳುವುದು ಸರಿಯೇ. ಆದರೆ ಅಂಗದ ಲಾಭ ಒಂದೇ ನೋಡುವುದಾದರೆ ಅಷ್ಟು ಬಿಸಿ ಮಾಡುವ ಗರಜು ಇರಲಿಲ್ಲ. 2015ರಲ್ಲಿ ಅಮೆರಿಕದ ಒಂದು ಅಧ್ಯಯನ ಪ್ರಕಟವಾಯಿತು. ಘೋಷಣೆ ಆದ ಮೇಲೆ ದಾನಿಯನ್ನು 34ರಿಂದ 35 ಡಿಗ್ರಿಯಲ್ಲಿ ಇಟ್ಟರೆ ಕಿಡ್ನಿಗೇ ಒಳ್ಳೆಯದು ಅಂತ ಕಂಡಿತು. ಕಸಿ ಆದ ಕಿಡ್ನಿ ತಡವಾಗಿ ಕೆಲಸ ಶುರು ಮಾಡಿದ್ದು ಬೆಚ್ಚಗಿಟ್ಟವರಲ್ಲಿ 39 ಶೇಕಡಾ, ತಣ್ಣಗಿಟ್ಟವರಲ್ಲಿ 28. ತೀರಾ ಇಳಿದರೆ ರಕ್ತ ಹೆಪ್ಪುಗಟ್ಟುವುದಿಲ್ಲ, ಹೃದಯ ತಾಳ ತಪ್ಪುತ್ತದೆ ಅನ್ನುವುದೂ ನಿಜ, ಅದಕ್ಕೆ ಕಾಯುತ್ತೇವೆ. ಆದರೆ ಗುರುವಾರ ಮಧ್ಯಾಹ್ನ ಆ ಹೊದಿಕೆ ಹಾಕಿದ್ದು ಕಿಡ್ನಿಗಾಗಿ ಅಲ್ಲ.

ಇನ್ನು ಬಿಲ್ಲು. ಒಪ್ಪಿಗೆ ಕೊಟ್ಟ ಮೇಲೆ ದಾನಿಯನ್ನು ನೋಡಿಕೊಳ್ಳುವ ಖರ್ಚು ಕುಟುಂಬದ ಮೇಲೆ ಬರಬಾರದು ಅಂತ 2014ರ ನಿಯಮವೇ ಇದೆ. ಅದಕ್ಕೂ ಮುಂಚಿನದ್ದು ಚಿಕಿತ್ಸೆಯ ಬಿಲ್ಲು, ಅದು ಬರುತ್ತದೆ. ನಿಮ್ಮ ಬಿಲ್ಲಿನಲ್ಲಿ ಶುಕ್ರವಾರದ ನಂತರದ್ದು ಏನಾದರೂ ಇದ್ದರೆ ಹೋಗಿ ಕೇಳಿ.

ತೀರ್ಥಹಳ್ಳಿ ಸಿಸ್ಟರ್

ಡಾಕ್ಟ್ರೇ, ತಿದ್ದಿದ್ದಕ್ಕೆ ಥ್ಯಾಂಕ್ಸ್. ಮಂಗಳೂರಿನ ತಂಗಿ, ನಿಮ್ಮನ್ನು ಹೆದರಿಸಿದೆ, ಸಾರಿ.

ಮೇಷ್ಟ್ರೇ, ಒಂದು ಕೆಲಸ ಮಾಡಿ. ಆಸ್ಪತ್ರೆಯ ರೆಕಾರ್ಡ್ ವಿಭಾಗಕ್ಕೆ ಅಕ್ಕನ ಸಹಿಯಲ್ಲಿ ಒಂದು ಅರ್ಜಿ ಕೊಡಿ. ಕೇಳಿದ 72 ಗಂಟೆಯೊಳಗೆ ಕೇಸ್ ಶೀಟಿನ ಪ್ರತಿ ಕೊಡಬೇಕು. ಅದರಲ್ಲಿ ನರ್ಸಿಂಗ್ ಚಾರ್ಟ್ ಇರುತ್ತೆ, ದೊಡ್ಡ ಹಾಳೆ, ಗಂಟೆಗೊಂದು ಗೆರೆ. ಟೆಂಪರೇಚರ್ ನಾವು ಕೈಯಲ್ಲಿ ಬರೆದಿರುತ್ತೇವೆ. ಇನ್ನೊಂದು ಫಾರಂ 10, ಬ್ರೈನ್ ಡೆಡ್ ಅಂತ ದೃಢೀಕರಿಸುವ ಫಾರಂ. ಅದರಲ್ಲಿ ಕೋಮಾಕ್ಕೆ ಬೇರೆ ಕಾರಣ ಇಲ್ಲ ಅಂತ ಒಂದೊಂದೇ ತೆಗೆದುಹಾಕುವ ಪಟ್ಟಿ ಇದೆ. ಅಮಲು, ಮಂಪರಿನ ಔಷಧಿ, ಮೈ ತಣ್ಣಗಾಗಿರುವುದು, ಹೀಗೆ. ನಾಲ್ಕು ಡಾಕ್ಟರುಗಳ ಸಹಿ. ಎರಡು ಟೆಸ್ಟಿನ ನಡುವೆ ಕನಿಷ್ಠ ಆರು ಗಂಟೆ. ಕಸಿ ಮಾಡುವ ತಂಡದವರು ಆ ನಾಲ್ವರಲ್ಲಿ ಇರುವ ಹಾಗಿಲ್ಲ. ಇದನ್ನು ಅಕ್ಕನ ಮುಂದೆ ಇಟ್ಟುಕೊಂಡು ಓದಿ. ನಮ್ಮ ಮಾತಿಗಿಂತ ಅದು ಮೇಲು.

2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಅವರದ್ದು ಹೀಗೇ ಬೈಕ್ ಅಪಘಾತ ಆಗಿ ಬ್ರೈನ್ ಡೆಡ್ ಅಂದಾಗ ನನ್ನ ಚಿಕ್ಕಮ್ಮ ಊರಿನಿಂದ ಫೋನ್ ಮಾಡಿದ್ದರು. "ಉಸಿರಾಡ್ತಾ ಇದ್ದಾರಂತಲ್ಲೇ, ಮೈ ಬಿಸಿ ಇದೆಯಂತಲ್ಲೇ?" ಅಂತ. ಅಷ್ಟು ವರ್ಷ ಈ ಕೆಲಸ ಮಾಡಿಯೂ ಅವರಿಗೆ ಫೋನಿನಲ್ಲಿ ಸರಿಯಾಗಿ ಹೇಳಲಾಗಲಿಲ್ಲ. ಕೈಗೆ ಬಿಸಿ ತಾಗಿದರೆ ಜೀವ ಇದೆ ಅಂತಲೇ ನಮಗೆಲ್ಲ ಅನಿಸುವುದು. ನನಗೂ ಡ್ಯೂಟಿಯಲ್ಲಿ ಒಮ್ಮೊಮ್ಮೆ ಅನಿಸುತ್ತೆ, ಸುಳ್ಳು ಯಾಕೆ ಹೇಳಲಿ.

ದಾವಣಗೆರೆ ಮೇಷ್ಟ್ರು

ಹನ್ನೆರಡು ದಿನ ಆಯಿತು, ಈಗ ಬರೆಯುತ್ತಿದ್ದೇನೆ. ಮೊದಲ ಸಲ ಹೋದಾಗ "ಮುಂದಿನ ವಾರ ಬನ್ನಿ" ಅಂದರು. 72 ಗಂಟೆ ಅಂದೆ. ಮೂರನೇ ದಿನ ಕೊಟ್ಟರು.

ಗುರುವಾರದ ಹಾಳೆ ಸಿಕ್ಕಿತು. ಬೆಳಿಗ್ಗೆ 4ಕ್ಕೆ 37.8. 6ಕ್ಕೆ 36.1. 9ಕ್ಕೆ 34.1. ಪಕ್ಕದಲ್ಲಿ ಇಂಗ್ಲಿಷಿನಲ್ಲಿ, ವಾರ್ಮರ್ ಹಾಕಿದೆ, ಡ್ರಿಪ್ ಬಿಸಿ ಮಾಡಿ ಕೊಡುತ್ತಿದೆ ಅಂತ. 11ಕ್ಕೆ 35. ಮಧ್ಯಾಹ್ನ 1ಕ್ಕೆ 36.2. 2ಕ್ಕೆ 36.5. ಮೊದಲ ಟೆಸ್ಟ್ 2.40ಕ್ಕೆ. ಎರಡನೆಯದು ರಾತ್ರಿ 9.15ಕ್ಕೆ, ಆಗ 36.6. ರಾತ್ರಿ ಪೂರ್ತಿ ಹೊದಿಕೆ ತೆಗೆದಿಲ್ಲ. ನಡುವೆ ಒಂದೇ ಒಂದು ಸಲ, ಸಿ.ಟಿ.ಗೆ ಕರೆದುಕೊಂಡು ಹೋದಾಗ, ಅದು ಇರಲಿಲ್ಲ. ಮುಕ್ಕಾಲು ಗಂಟೆಯಲ್ಲಿ 36.4ರಿಂದ 35.7ಕ್ಕೆ ಇಳಿದಿದೆ.

ಅಕ್ಕನಿಗೆ ಊಟ ಆದ ಮೇಲೆ ಓದಿದೆ. ಬಚ್ಚಲ ಒಲೆಯ ಮಾತೂ ಹೇಳಿದೆ. ಸಿ.ಟಿ.ಯ ಸಾಲು ಬಂದಾಗ ತಡೆದಳು. "ಇನ್ನೊಂದ್ಸಲ ಓದು" ಅಂದಳು. ಓದಿದೆ. ಹೊದಿಕೆ ತೆಗೆದ ಕೂಡಲೇ ಇಳಿದದ್ದು ಅವಳಿಗೆ ತಾಗಿತು ಅಂತ ಕಾಣುತ್ತೆ. ತುಂಬಾ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಒಂದು ಪ್ರಶ್ನೆ ಕೇಳಿದಳು, ಅದಕ್ಕೆ ನನಗೆ ಉತ್ತರ ಗೊತ್ತಿಲ್ಲ. ಸಿಸ್ಟರ್, ನೀವೇ ಹೇಳಬೇಕು. "ಹಾಗಾದ್ರೆ ನಾನು ಹಿಡ್ಕೊಂಡಿದ್ದ ಕಾಲು ಬಿಸಿ ಇದ್ದದ್ದು ಮಷೀನಿಂದಾ, ಅವರದ್ದಾ?"

ತೀರ್ಥಹಳ್ಳಿ ಸಿಸ್ಟರ್

ಎರಡೂ ಸರ್. ಹೊದಿಕೆಯ ಗಾಳಿ ಪಾದದವರೆಗೆ ಬರುತ್ತೆ, ಅದೂ ಇತ್ತು. ಆದರೆ ರಕ್ತ ಪಾದಕ್ಕೆ ಬರದಿದ್ದರೆ ಎಷ್ಟು ಗಾಳಿ ಬಿಟ್ಟರೂ ಕಾಲು ಹಾಗೆ ಬೆಚ್ಚಗೆ ನಿಲ್ಲುವುದಿಲ್ಲ. ಅದನ್ನು ಅಲ್ಲಿಯವರೆಗೆ ತಂದದ್ದು ಅವರ ಹೃದಯವೇ. ಎಷ್ಟು ಇದರದ್ದು, ಎಷ್ಟು ಅವರದ್ದು ಅಂತ ಪಾಲು ಮಾಡಿ ಹೇಳಲು ನನಗೆ ಬರುವುದಿಲ್ಲ. ಅಕ್ಕನಿಗೆ ಹಾಗೇ ಹೇಳಿ.

ದಾವಣಗೆರೆ ಮೇಷ್ಟ್ರು

ಸರಿ ಸಿಸ್ಟರ್. ನಾಳೆ ಹೇಳ್ತೀನಿ. ಈಗ ಮಲಗಿದ್ದಾಳೆ.